ಬಹೀಜಾಳ ಬೋಣಿ

ಅಲೆಪ್ಪೊದ ಹಳೇ ಬಜಾರಿನಲ್ಲಿ ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಕಳಿಸಿದರೆ ಆ ದಿನದ ಬರಕತ್ತೂ ಅವರ ಬೆನ್ನಿಗೇ ಹೊರಟುಹೋಗುತ್ತದೆಂದು ನಂಬಿಕೆ. ವ್ಯಾಪಾರಿಗಳಿಗೆ ಒಳ್ಳೆಯದಾಗಲೆಂದು ಹಿರಿಯರು ಮಾಡಿಟ್ಟ ಮಾತು ಅದು. ಅದರ ಲಾಭ ಉಂಡವಳು ಮಾತ್ರ ಬಹೀಜಾ.

ಮದುವೆಗೆ ಹತ್ತಿ ತುಂಬಿದ ಸ್ಯಾಟಿನ್ ರಜಾಯಿ ಹೊಲಿಯುವುದು ಅವಳ ಕಸುಬು. ಗಂಡ ಸತ್ತ ಮೇಲೆ ಅದೇ ಅನ್ನ. ಬಟ್ಟೆ ಬೇಕಾದಾಗಲೆಲ್ಲ ಅಂಗಡಿಯ ಬಾಗಿಲು ಎತ್ತುವ ಹೊತ್ತಿಗೆ ಸರಿಯಾಗಿ ಮುಂದೆ ನಿಂತಿರುತ್ತಿದ್ದಳು. ಸ್ಯಾಟಿನ್ನನ್ನು ಬೆರಳಲ್ಲಿ ಉಜ್ಜಿ, ಮೂಗು ಮುರಿದು, ಅರ್ಧ ಬೆಲೆಗೆ ಕೇಳುತ್ತಿದ್ದಳು. ವ್ಯಾಪಾರಿ ಮಕ್ಕಳ ಮೇಲೆ ಆಣೆ ಇಟ್ಟು ಗೋಳಾಡುತ್ತಿದ್ದ.

"ಬೇಡ್ವಾ? ಸರಿ, ನಾನು ಹೊರಟೆ. ಬೋಣಿ ಹೊತ್ತಲ್ಲಿ ವಿಧವೇನ ಬರಿಗೈಲಿ ಕಳಿಸಿದೆ ಅಂತ ಅಲ್ಲಾಹನಿಗೆ ನೀನೇ ಹೇಳ್ಕೊ."

ಮೂರನೇ ಹೆಜ್ಜೆಗೆ ಕರೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಅವಳು ನಾಲ್ಕನೇ ಹೆಜ್ಜೆ ಇಟ್ಟವಳೇ ಅಲ್ಲ.

ಆದರೆ ಕಾಲ ಎಲ್ಲಿ ನಿಲ್ಲುತ್ತದೆ? ಕಾರ್ಖಾನೆಯ ಕಂಬಳಿಗಳು ಬಂದವು, ರಜಾಯಿ ಕೇಳುವವರು ಕಡಿಮೆಯಾದರು. ಆ ವರ್ಷ ಸಿಕ್ಕದ್ದು ಒಂದೇ ಕೆಲಸ, ಸಾಬೂನು ವ್ಯಾಪಾರಿಯ ಮಗಳ ಮದುವೆಯ ಗುಲಾಬಿ ರಜಾಯಿ. ಸ್ಯಾಟಿನ್ ಅಗ್ಗಕ್ಕೆ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ ಗಿಟ್ಟದಷ್ಟು ಕಡಿಮೆ ದರಕ್ಕೆ ಒಪ್ಪಿಕೊಂಡುಬಿಟ್ಟಿದ್ದಳು. ಇದೂ ಕೈತಪ್ಪಿದರೆ ಬಾಡಿಗೆ ಕೋಣೆ ಬಿಟ್ಟು ತಮ್ಮನ ಮನೆ ಸೇರುವುದೇ ಗತಿ. ಅವನ ಹೆಂಡತಿ ಮುನೀರಾ ಅಡುಗೆಮನೆಯ ಪಕ್ಕದ ಕೋಣೆಯನ್ನು ಆಗಲೇ ಖಾಲಿ ಮಾಡಿಸಿ, "ಬನ್ನಿ ಅತ್ತಿಗೆ, ನೀವು ಏನೂ ಮಾಡ್ಬೇಡಿ, ಸುಮ್ನೆ ಕೂತು ಬೆಳ್ಳುಳ್ಳಿ ಸುಲೀರಿ ಸಾಕು," ಎಂದಿದ್ದಳು. ಮುನೀರಾ ಕೆಟ್ಟವಳಲ್ಲ. ಬಹೀಜಾಳಿಗೆ ಭಯವಾಗಿದ್ದೇ ಅದಕ್ಕೆ. ಕೆಟ್ಟವಳಾಗಿದ್ದರೆ ಜಗಳವಾಡಿಕೊಂಡಾದರೂ ಬದುಕಬಹುದಿತ್ತು. ಕರುಣೆಯ ಜೊತೆ ಚೌಕಾಸಿ ನಡೆಯುವುದಿಲ್ಲ.

ಅಂತೂ ಅವತ್ತು ಬೆಳಿಗ್ಗೆ ಬಟ್ಟೆ ವ್ಯಾಪಾರಿ ಅಬು ನಾಝಿಮನ ಅಂಗಡಿಯ ಮುಂದೆ ನಿಂತಳು. ಬಾಗಿಲು ಇನ್ನೂ ಅರ್ಧಕ್ಕೆ ಎದ್ದಿತ್ತು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡ.

"ದೇವರ ದಯೆ, ನಂದು ಬೋಣಿ ಆಯ್ತು ಅಕ್ಕಾ. ಪಕ್ಕದ ಹಮ್ಮಾದಿಗೆ ಇನ್ನೂ ಆಗಿಲ್ಲ, ಪಾಪ. ಅವನ ಹತ್ರ ತಗೊಳ್ಳಿ."

"ಬಾಗ್ಲೇ ಪೂರ್ತಿ ಎತ್ತಿಲ್ಲ, ಬೋಣಿ ಯಾವಾಗಾಯ್ತೋ?"

"ಸಂದೀಲೇ ಆಯ್ತು. ನೆರೆಯವನೂ ನಾಲ್ಕು ತುತ್ತು ಉಣ್ಲಿ ಬಿಡಿ."

ತನಗೆ ಬೋಣಿಯಾದ ಮೇಲೆ ಆಗದ ನೆರೆಯವನ ಕಡೆ ಗಿರಾಕಿಯನ್ನು ಕಳಿಸುವುದು ಬಜಾರಿನ ಹಳೆಯ ಪುಣ್ಯದ ಕೆಲಸ. ಪುಣ್ಯ ಮಾಡುವವನ ಕುತ್ತಿಗೆ ಹಿಡಿಯಲಾಗುವುದಿಲ್ಲ. ಹಮ್ಮಾದಿಗೂ ಬೋಣಿ ಆಗಿತ್ತು, ಅವನು ಆಚೆಯವನಿಗಾಗಿ ಮರುಗಿದ. ಆಚೆಯವನು ಅದರಾಚೆಯವನಿಗಾಗಿ ನಿಟ್ಟುಸಿರಿಟ್ಟ. ಚರಂಡಿ ಗುಡಿಸುವ ವಿಷಯಕ್ಕೆ ವರ್ಷವಿಡೀ ಕಿತ್ತಾಡುವ ಹನ್ನೊಂದು ಅಂಗಡಿಗಳವರು ಆ ಬೆಳಿಗ್ಗೆ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಾಗಿಬಿಟ್ಟಿದ್ದರು. ಎಲ್ಲರೂ ಸೇರಿ ಮಾತಾಡಿಕೊಂಡಿದ್ದಾರೆಂದು ಬಹೀಜಾಳಿಗೆ ಗೊತ್ತಾಯಿತು. ಪ್ರತಿ ಅಂಗಡಿಯಿಂದಲೂ ಮೂರು ಹೆಜ್ಜೆ ಇಟ್ಟಳು, ಕಿವಿ ನಿಮಿರಿಸಿದಳು, ನಾಲ್ಕನೆಯದನ್ನೂ ಇಟ್ಟಳು. ಯಾರೂ ಕರೆಯಲಿಲ್ಲ.

ಓಣಿಯ ಕೊನೆಗೆ ಉಳಿದದ್ದು ಫೈಯಾದನ ಗುಂಡಿ-ದಾರದ ಅಂಗಡಿ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ನಲವತ್ತರ ಈ ಮನುಷ್ಯ ಮನೆಗೆ ಬಂದ ನೆಂಟನ ಹಾಗೆ ಅಂಚಿನಲ್ಲಿ ಕೂತಿರುತ್ತಿದ್ದ. ಅವನಲ್ಲಿ ಸ್ಯಾಟಿನ್ ಇರಲಿಲ್ಲ.

"ನಿಂದೂ ಬೋಣಿ ಆಗಿದೆ ತಾನೆ?" ಎಂದು ಬಹೀಜಾ ಗದರಿದಳು.

"ಇಲ್ಲ ಖಾಲಾ. ನಿನ್ನೇದೂ ಆಗಿಲ್ಲ."

ಅವಳು ಒಂದು ದಾರದ ಉಂಡೆ ಎತ್ತಿಕೊಂಡು ಬೆಲೆ ಕೇಳಿದಳು. ತೋಚಿದಷ್ಟು ಕೊಡಿ ಎಂದ. ಒಂದು ನಾಣ್ಯ ಇಟ್ಟಳು, ಅವನಿಗೆ ಬೋಣಿ ಆಯಿತು. ಬೆಳಗಿನಿಂದ ಕಟ್ಟಿಕೊಂಡು ಬಂದಿದ್ದ ಜಗಳಕ್ಕೆ ಇಲ್ಲಿ ಆಳೇ ಸಿಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತಳು, ಕಣ್ಣಲ್ಲಿ ನೀರು ಬಂತು. ಆ ಬೆಳ್ಳುಳ್ಳಿಯ ಕೋಣೆ ಕಣ್ಣೆದುರೇ ಇತ್ತು.

ಅಷ್ಟರಲ್ಲಿ ಸಗಟು ವ್ಯಾಪಾರಿ ಶುಕ್ರಿ ಒಂದು ಪೆಟ್ಟಿಗೆ ಇಳಿಸಿದ. ಅಪ್ಪಟ ಮುತ್ತಿನ ಚಿಪ್ಪಿನ ಗುಂಡಿ ಎಂದ, ಬೆಲೆ ಹೇಳಿದ. ಫೈಯಾದ್ ತಲೆಯಾಡಿಸಿ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ.

"ಎಷ್ಟಂದೆ?"

ಮಾತು ಬಹೀಜಾಳ ಬಾಯಿಂದ ತಾನಾಗಿ ಹೊರಟಿತು. ಒಂದು ಗುಂಡಿ ತೆಗೆದು ಕೆನ್ನೆಗೆ ಒತ್ತಿಕೊಂಡಳು. "ಚಿಪ್ಪು ಕೆನ್ನೆಗೆ ತಣ್ಣಗಿರುತ್ತೆ. ಇದು ಅಂಗಡೀಗೆ ಬರೋಕೆ ಮುಂಚೆ ಪ್ಲಾಸ್ಟಿಕ್ ಬಕೆಟ್ ಆಗಿತ್ತೇನೋ?"

"ನನ್ನ ಮಕ್ಕಳಾಣೆ ಖಾಲಾ!"

"ನಿನಗೆ ಮದುವೇನೇ ಆಗಿಲ್ವಲ್ಲೋ. ಯಾವ ಮಕ್ಕಳು?"

ಶುಕ್ರಿ ಕೆಂಪಗಾದ. ಬಹೀಜಾ ಮೂರನೇ ಒಂದು ಭಾಗಕ್ಕೆ ಕೇಳಿದಳು. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ಫೈಯಾದ್ ಕರೆಯಲು ಬಾಯಿ ತೆರೆದ, ಅವಳು ಅವನ ತೋಳು ಹಿಡಿದು ಅದುಮಿದಳು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಶುಕ್ರಿ ತಾನೇ ತಿರುಗಿದ.

ಅವಳು ಹೇಳಿದ ಬೆಲೆಗೇ ಪೆಟ್ಟಿಗೆ ಇಳಿಸಿ ಅವನು ಹೋದ ಮೇಲೆ ಫೈಯಾದ್ ಉಳಿದ ದುಡ್ಡನ್ನು ಎರಡು ಸಲ ಎಣಿಸಿದ.

"ಖಾಲಾ, ನಾಳೆ ಬರ್ತೀರಾ? ನಾಡಿದ್ದೂ? ಸ್ಟೂಲ್ ಹೇಗೂ ಇದೆ."

ಸಂಬಳ ಎಷ್ಟು ಎಂದು ಕೇಳಿದಳು. ತೋಚಿದಷ್ಟು ತಗೊಳ್ಳಿ ಎಂದ. ಅವಳಿಗೆ ಸಿಟ್ಟು ಬಂದು, ಮೊದಲು ಅವನಿಗೆ ಚೌಕಾಸಿ ಹೇಗೆಂದು ಕಲಿಸಿ, ಆಮೇಲೆ ತನ್ನ ಸಂಬಳ ಇತ್ಯರ್ಥ ಮಾಡಿಕೊಂಡಳು. ಗುಲಾಬಿ ರಜಾಯಿ ಕೈತಪ್ಪಿತು, ಸಾಬೂನು ವ್ಯಾಪಾರಿಯ ಮಗಳು ಕಾರ್ಖಾನೆಯ ಕಂಬಳಿ ಹೊದ್ದಳು. ಮುನೀರಾ ಆ ಕೋಣೆಯಲ್ಲಿ ಈರುಳ್ಳಿ ತುಂಬಿಸಿದಳು.

ಆರು ತಿಂಗಳಲ್ಲಿ ಅಂಗಡಿಯ ಬೀಗದ ಕೈಯೂ ಬಹೀಜಾಳ ಸೊಂಟಕ್ಕೆ ಬಂತು. ಒಂದು ಬೆಳಿಗ್ಗೆ ಅವಳು ಬಾಗಿಲು ಅರ್ಧಕ್ಕೆ ಎತ್ತಿದ್ದಳು, ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಮಾಸಿದ ಕರಿ ಕೋಟು, ಹೊಲಿಗೆ ಹಾಕಿದ ಚೀಲ, ಸೂಜಿ ಚುಚ್ಚಿದ ಬೆರಳು. ಒಂದು ಕಸೂತಿ ದಾರ ಎತ್ತಿ, ಉಜ್ಜಿ, ಮೂಗು ಮುರಿದಳು.

"ಬೋಣಿ ಹೊತ್ತಿಗೆ ಬಂದಿದೀನಿ, ನೋಡಿ ಹೇಳಿ."

ಆ ಮೂಗು, ಆ ಮಾತು, ಆ ಕಣ್ಣೊಳಗಿನ ಹೆದರಿಕೆ, ಯಾವುದೂ ಬಹೀಜಾಳಿಗೆ ಹೊಸದಲ್ಲ. ಮರುಕವಾಯಿತು. ನಾಚಿಕೆಯೂ ಆಯಿತು. ಆದರೆ ಕೈ ಆಗಲೇ ಎದೆಯ ಮೇಲೆ ಹೋಗಿತ್ತು.

"ದೇವರ ದಯೆ, ನಮ್ದು ಬೋಣಿ ಆಯ್ತಮ್ಮಾ. ಆ ತುದೀಲಿ ಅಬು ನಾಝಿಮ್‌ಗೆ ಇನ್ನೂ ಆಗಿಲ್ಲ, ಪಾಪ. ಅವನ ಹತ್ರ ಹೋಗು."

ಹೆಂಗಸು ಹೊರಟಳು. ಮೂರನೇ ಹೆಜ್ಜೆಗೆ ಒಂದು ಕ್ಷಣ ನಿಂತಳು. ಬಹೀಜಾ ತಲೆ ತಗ್ಗಿಸಿ ಗುಂಡಿಗಳನ್ನು ಹೊಂದಿಸತೊಡಗಿದಳು.

ಬಿಸಿ ರೊಟ್ಟಿ ಹಿಡಿದು ಬಂದ ಫೈಯಾದನಿಗೆ ಕೊನೆಯ ಮಾತು ಕೇಳಿಸಿತ್ತು. ಅವನ ಮುಖ ಅರಳಿತು.

"ಇಷ್ಟು ಬೇಗ ಬೋಣಿ ಆಯ್ತಾ ಖಾಲಾ? ಯಾರು ಮಾಡಿದ್ದು?"

"ನಾನೇ," ಎಂದಳು ಬಹೀಜಾ, ತಲೆ ಎತ್ತದೆ. "ಆರು ತಿಂಗಳ ಹಿಂದೆ."