ಕಂಚಿನ ಫಲಕದ ಎರಡನೇ ಸಾಲು

ಗಂಡ ತೀರಿಕೊಂಡ ನಾಲ್ಕು ತಿಂಗಳಿಗೆ, ಅವನು ಕೆಲಸಕ್ಕಿದ್ದ ಕಾಲೇಜಿನವರು ವೈಶಾಲಿಗೆ ಒಂದು ಫೋಟೋ ಈಮೇಲ್ ಮಾಡಿದರು. ಮೈದಾನದ ಗೇಟಿನ ಹತ್ತಿರ ನಿಲ್ಲಿಸಲಿರುವ ಕಲ್ಲುಕಂಬದ ಫೋಟೋ, ಅದರ ಎದೆಮಟ್ಟದಲ್ಲಿ ಕಂಚಿನ ಫಲಕ. ಮೊದಲ ಸಾಲಿನಲ್ಲಿ ಸಿದ್ಧಲಿಂಗೇಶನ ಹೆಸರು, 2001ರಿಂದ 2007ರವರೆಗೆ ಫುಟ್‌ಬಾಲ್ ತಂಡದ ಹೆಡ್ ಕೋಚ್ ಎಂಬ ವಿವರ. ಎರಡನೇ ಸಾಲು ಓದಿದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು. 'ಅಪ್ಪಟ ಸಂಸಾರಸ್ಥರಾದ ಇವರು ಹೆಂಡತಿ ಮಗಳೊಂದಿಗೆ ಹೆಚ್ಚು ಹೊತ್ತು ಕಳೆಯಲು ತಾವಾಗಿಯೇ ಕೆಲಸ ಬಿಟ್ಟರು.'

ತಾವಾಗಿಯೇ ಅಂತೆ! ಬೀಗದ ಕೈ ಕಸಿದುಕೊಂಡು, ಅವನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಕಾವಲುಗಾರನನ್ನು ಜೊತೆಗೆ ಕೊಟ್ಟು ಪಾರ್ಕಿಂಗ್ ಲಾಟಿನವರೆಗೆ ಬಿಟ್ಟುಬಂದವರು ಈಗ ಕಂಚಿನಲ್ಲಿ ಹೀಗೆ ಬರೆಸಿದ್ದರು. ಅದೂ ಯಾರ ಹೆಸರು ಹೇಳಿಕೊಂಡು? ಹೆಂಡತಿ ಮಗಳ ಹೆಸರು ಹೇಳಿಕೊಂಡು.

ಸಿದ್ಧಲಿಂಗೇಶ ಗದಗಿನಲ್ಲಿ ಹುಟ್ಟಿದವನು. ಅಪ್ಪ ಶಿವರುದ್ರಪ್ಪನವರಿಗೆ ಅಮೆರಿಕದ ಬರ್ಬ್ಯಾಂಕಿನಲ್ಲಿ ಇಂಜಿನಿಯರ್ ಕೆಲಸ ಸಿಕ್ಕಾಗ, ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲೇ ಲಾಸ್ ಏಂಜಲೀಸಿಗೆ ಬಂದ. ಆಳು ಆನೆಯ ಹಾಗೆ ಬೆಳೆದ. ಕನ್ನಡದ ಮಂದಿಯ ಮಕ್ಕಳೆಲ್ಲ ಡಾಕ್ಟರು, ಇಂಜಿನಿಯರು ಆಗುವಾಗ ಇವನು ಫುಟ್‌ಬಾಲಿಗೆ ಬಿದ್ದ. ಕಾಲಿನಿಂದ ಒದೆಯುವ ಚೆಂಡಾಟವಲ್ಲ ಅದು. ಹೆಲ್ಮೆಟ್ ಹಾಕಿ, ಎದೆಗೆ ಎದೆ ಕೊಟ್ಟು ಗುದ್ದಾಡುವ ಅಮೆರಿಕದ ಆಟ. ಮುಂದೆ ಅದನ್ನೇ ಕಲಿಸುವ ಕೋಚ್ ಆಗಿ ಸ್ಯಾನ್ ಡಿಯಾಗೋಗೆ ಬಂದು, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದ. ಕನ್ನಡ ಕೂಟದ ಯುಗಾದಿ ಊಟದಲ್ಲಿ, "ಸಿದ್ದು, ಇನ್ನೂ ಚೆಂಡು ಎಸೆದ್ಕೊಂಡೇ ಇದೀರಾ?" ಎಂದು ಕೇಳಿ ನಗುವವರಿಗೇನೂ ಕಡಿಮೆ ಇರಲಿಲ್ಲ. ಅವನೂ ನಗುತ್ತಿದ್ದ. ವೈಶಾಲಿಗೆ ನಗು ಬರುತ್ತಿರಲಿಲ್ಲ.

ಆ ಆಟದಲ್ಲಿ ಎಲ್ಲರ ಕಣ್ಣು ಚೆಂಡು ಹಿಡಿದು ಓಡುವವನ ಮೇಲೆ. ಸಿದ್ಧಲಿಂಗೇಶನ ಪ್ರೀತಿಯೆಲ್ಲ ಮುಂದಿನ ಸಾಲಿನ ಐವರು ದಢೂತಿ ಹುಡುಗರ ಮೇಲೆ. ಅವರು ಚೆಂಡು ಮುಟ್ಟುವುದಿಲ್ಲ, ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹಿಂದಿರುವವನ ಮೇಲೆ ಎದುರಾಳಿ ಬೀಳದ ಹಾಗೆ ಅಡ್ಡ ನಿಲ್ಲುವುದಷ್ಟೇ ಅವರ ಕೆಲಸ. ಆಟ ಶುರುವಾಗುವ ಮೊದಲು ಯಾವ ಕಡೆ ತಳ್ಳಬೇಕೆಂದು ಅವರು ತಮ್ಮತಮ್ಮಲ್ಲಿ ಕೂಗಿಕೊಳ್ಳಬೇಕು, ಆ ಕೂಗು ಎದುರಾಳಿಗೆ ತಿಳಿಯಬಾರದು. ಇವನು ಅವ್ವನ ಬಾಯಿಂದ ಕಲಿತ ಕನ್ನಡವನ್ನೇ ಅವರಿಗೆ ಕಲಿಸಿದ. ಎಡಕ್ಕ, ಬಲಕ್ಕ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಡಬ್ಯಾಡ. ಆ ಕೂಗು ಕೇಳಿದರೆ ಐವರೂ ನಿಂತ ಜಾಗದಲ್ಲೇ ಬೇರು ಬಿಡಬೇಕು. ಅವನವ್ವ ಬಸಲಿಂಗವ್ವ ಮೊದಲ ಸಲ ಪಂದ್ಯ ನೋಡಲು ಬಂದಾಗ, ಸಮೋವಾದ ಗುಡ್ಡದಂಥ ಹುಡುಗ ಟವಿಟಾ ಮೈದಾನದ ನಡುವೆ "ಬಿಡಬ್ಯಾಡ!" ಎಂದು ಅರಚಿದ್ದನ್ನು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಪ್ರತಿ ಗುರುವಾರ ಆ ಐವರಿಗೂ ಇವರ ಮನೆಯಲ್ಲೇ ಊಟ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ದಿನವಿಡೀ ಟೆಲಿಕಾಂ ಆಫೀಸಿನಲ್ಲಿ ದುಡಿದು ಬಂದು ರೊಟ್ಟಿ ಬಡಿಯುತ್ತ ವೈಶಾಲಿ ಗೊಣಗುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು ಬೇಯಿಸುತ್ತಿದ್ದ. ಬೆಳಿಗ್ಗೆ ಮಗಳು ನಮ್ರತಾಳ ಜಡೆ ಹಾಕುತ್ತಿದ್ದವನೂ ಅವನೇ, ಭಾನುವಾರ ಬಂತೆಂದರೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನಲ್ಲಿದ್ದ ಅಪ್ಪ ಅವ್ವನ ಮನೆಗೆ ಹೋಗಿ ಅಪ್ಪನಿಗೆ ಕ್ಷೌರ ಮಾಡಿ, ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿ ಬರುತ್ತಿದ್ದವನೂ ಅವನೇ. ಸಂಸಾರದ ಜೊತೆ ಹೊತ್ತು ಕಳೆಯಲು ಅವನಿಗೆ ಕೆಲಸ ಬಿಡುವ ಅಗತ್ಯವೇ ಇರಲಿಲ್ಲ.

2007ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚು ಎದ್ದಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಆಕಾಶ ಕಂದುಬಣ್ಣಕ್ಕೆ ತಿರುಗಿ ಬೂದಿ ಉದುರುತ್ತಿತ್ತು. ಮನೆ ಖಾಲಿ ಮಾಡಿ ಎಂದು ಫೋನ್ ಬಂತು. ವೈಶಾಲಿ ಪಾಸ್‌ಪೋರ್ಟು, ಒಡವೆ ತುಂಬಿಕೊಳ್ಳುತ್ತಿದ್ದರೆ ಅವನು ಒಬ್ಬೊಬ್ಬ ಹುಡುಗನಿಗೂ ಫೋನ್ ಮಾಡುತ್ತಿದ್ದ. ಮೊದಲು ಮನೆಗೆ ಹೋಗು, ನಿಮ್ಮವರನ್ನು ನೋಡಿಕೋ ಎನ್ನುತ್ತಿದ್ದ. ಟವಿಟಾನ ಮನೆ ಆ ರಾತ್ರಿಯೇ ಸುಟ್ಟುಹೋಯಿತು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಟವಿಟಾನೇ ಹೊತ್ತುಕೊಂಡು ಹೊರಗೆ ತಂದಿದ್ದ. ಆದರೆ ಶನಿವಾರ ಲಾಸ್ ಏಂಜಲೀಸಿನಲ್ಲಿ ಪಂದ್ಯವಿತ್ತು. ದೇಣಿಗೆ ಕೊಡುವ ದೊಡ್ಡ ಮಂದಿಯೆಲ್ಲ ಬರುವವರಿದ್ದರು. ಕ್ರೀಡಾ ವಿಭಾಗದ ಡೈರೆಕ್ಟರ್ ವಿಟ್ಲಾಕ್ ಫೋನ್ ಮಾಡಿ, ಶುಕ್ರವಾರ ಬಸ್ ಹೊರಡಲೇಬೇಕು ಎಂದ.

"ಬಸ್ ಹೊರಡಲಿ. ಹುಡುಗರು ಬರೋದಿಲ್ಲ," ಎಂದ ಸಿದ್ಧಲಿಂಗೇಶ.

ಆಡದೆಯೇ ಪಂದ್ಯ ಸೋತರು. ಸೀಸನ್ ಮುಗಿಯುತ್ತಲೇ ವಿಟ್ಲಾಕ್ ಅವನನ್ನು ಕೆಲಸದಿಂದ ತೆಗೆದ. ಪೇಪರಿನವರಿಗೆ ಹೇಳಿದ್ದು ಮಾತ್ರ ಸಂಸಾರದ ಕಥೆ. ರಟ್ಟಿನ ಪೆಟ್ಟಿಗೆ ಇಳಿಸುತ್ತ ಸಿದ್ಧಲಿಂಗೇಶ, "ನೋಡ ವೈಶಾಲಿ, ನನ್ನ ನಿನಗ ಇನಾಮಾಗಿ ಕೊಟ್ಟಾರ," ಎಂದು ನಕ್ಕ. ನಗು ಅಷ್ಟಕ್ಕೇ ಮುಗಿಯಿತು. ಬೇರೆ ಯಾವ ಕಾಲೇಜೂ ಕರೆಯಲಿಲ್ಲ. ಗುರುವಾರ ಬಂದರೆ ರೊಟ್ಟಿಯ ಹಂಚಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಏಪ್ರಿಲಿನ ಒಂದು ಭಾನುವಾರ, ಪೋರ್ಟರ್ ರ್ಯಾಂಚಿನಲ್ಲಿ ಅಪ್ಪನ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ನಲವತ್ತೇಳು ವರ್ಷದ ಗಟ್ಟಿ ಆಳು.

ಫಲಕದ ಫೋಟೋ ನೋಡಿದ ದಿನವೇ ವೈಶಾಲಿ ವಿಟ್ಲಾಕ್‌ಗೆ ಫೋನ್ ಮಾಡಿ, ಆ ಸಾಲು ತೆಗೆಯಿರಿ ಎಂದಳು. ಎರಕ ಹೊಯ್ದು ಆಗಿದೆ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ ಆತ. ದುಃಖವಂತೆ! ಅವಳ ಒಡಲಲ್ಲಿದ್ದದ್ದು ಸಿಟ್ಟು. ದುಃಖ ಎಂದರೆ ಹೆಂಗಸು ಅತ್ತು ಸುಮ್ಮನಾಗುತ್ತಾಳೆಂಬ ಲೆಕ್ಕಾಚಾರ ಅವನದು.

ಮಾವನಾದರೂ ಜೊತೆಗೆ ನಿಲ್ಲುತ್ತಾರೆ ಅಂದುಕೊಂಡರೆ ಅದೂ ಇಲ್ಲ. "ಇರಲಿ ಬಿಡವಾ ತಂಗಿ," ಎಂದರು ಶಿವರುದ್ರಪ್ಪ. "ಅವನ ಹೆಸರು ಕಂಚಿನ್ಯಾಗ ಇರತೈತಿ. ನಾವು ಈ ದೇಶಕ್ಕ ಬಂದು ದುಡಿದವರು, ಜಗಳಾಡಾಕ ಬಂದವರಲ್ಲ."

"ಕಂಚಿನ್ಯಾಗ ಸುಳ್ಳು ಐತ್ರಿ ಮಾವಾರ! ನಾಳೆ ನಮ್ರತಾನ ಮಕ್ಕಳು ಬಂದು ಓದಿದ್ರ, ನಮ್ಮ ಅಜ್ಜಿ ಸಲುವಾಗಿ ಅಜ್ಜ ಆಟ ಬಿಟ್ಟ ಅಂತಾರ. ನಾ ಬಿಡಿಸೀನೇನ್ರಿ?"

ಮುದುಕರು ಕೆನ್ನೆ ಸವರಿಕೊಂಡರು, ಗಡ್ಡ ಅಡ್ಡಾದಿಡ್ಡಿ ಬೆಳೆದಿತ್ತು.

ಉರಿಯುವ ಒಲೆಗೆ ಇನ್ನಷ್ಟು ಸೌದೆ ಇಟ್ಟವರು ಕನ್ನಡ ಕೂಟದ ಅಧ್ಯಕ್ಷ ಓಂಪ್ರಕಾಶ್. ಚೆಂಡು ಎಸೆಯುವವನು ಎಂದು ನಗುತ್ತಿದ್ದವರಲ್ಲಿ ಮೊದಲಿಗರು ಇವರೇ. ಈಗ ಕಂಚಿನ ಫಲಕ ಬರುತ್ತದೆಂದು ತಿಳಿದೊಡನೆ ಸಿದ್ಧಲಿಂಗೇಶ 'ನಮ್ಮ ಹೆಮ್ಮೆಯ ಕನ್ನಡಿಗ' ಆಗಿಬಿಟ್ಟ.

"ಮೇಡಂ, ನಮ್ಮ ಕಡೆಯಿಂದಾನೂ ಏನಾದ್ರೂ ಮಾಡ್ಬೇಕಲ್ವಾ?" ಎಂದು ಫೋನಿನಲ್ಲಿ ಉಬ್ಬಿಹೋದರು. "ಆ ಡೈರೆಕ್ಟರ್‌ಗೆ ಒಂದು ಸನ್ಮಾನ ಇಟ್ಕೊಂಡಿದೀವಿ. ಮೈಸೂರು ಪೇಟ, ಗಂಧದ ಹಾರ, ಫಲತಾಂಬೂಲ, ಎಲ್ಲಾ ರೆಡಿ. ಶಾಲು ಮಾತ್ರ ನೀವೇ ಹೊದಿಸ್ಬೇಕು."

ಗಂಡನ ಅನ್ನ ಕಿತ್ತುಕೊಂಡವನಿಗೆ ಅವಳ ಕೈಯಿಂದಲೇ ಶಾಲು! ಹಾರ ತುರಾಯಿ ಕಂಡರೆ ಸಾಕು, ಯಾರ ಕೊರಳು ಎಂದು ಕೇಳದ ಮಂದಿ ಇವರು. ವೈಶಾಲಿಯ ನಾಲಗೆಯ ತುದಿಗೆ ಬೈಗುಳ ಬಂದಿತ್ತು. ಆದರೆ ಅದೇ ಹೊತ್ತಿಗೆ ಒಂದು ಯೋಚನೆಯೂ ಬಂತು. "ಆತ್ರಿ," ಎಂದಳು. "ಶಾಲು ನಾನs ಹೊದಸ್ತೀನಿ. ಸ್ವಲ್ಪ ದೊಡ್ಡದು ತರ್ರಿ."

ಸೆಪ್ಟೆಂಬರಿನ ಶನಿವಾರ, ಆ ವರ್ಷದ ಮೊದಲ ಪಂದ್ಯ. ಗೇಟಿನ ಹತ್ತಿರ ಜನ ಸೇರಿದ್ದರು. ಆಟದ ಉಡುಪಿನಲ್ಲಿ, ಹೆಲ್ಮೆಟ್ ಕಂಕುಳಲ್ಲಿ ಹಿಡಿದು ತಂಡದ ಹುಡುಗರು ನಿಂತಿದ್ದರು. ಮುಂದೆ ಟವಿಟಾ ಮತ್ತು ಅವನ ಸಾಲಿನ ನಾಲ್ವರು. ರೇಷ್ಮೆ ಸೀರೆ, ಪಂಚೆ ಉಟ್ಟ ಕೂಟದವರು ಒಂದು ಕಡೆ. ವಿಟ್ಲಾಕ್ ಫಲಕದ ಮೇಲಿನ ಬಟ್ಟೆ ಸರಿಸಿ ಎರಡನೇ ಸಾಲನ್ನು ಗಟ್ಟಿಯಾಗಿ ಓದಿದ. ಓದುವಾಗ ಅವನ ಗಂಟಲು ಗದ್ಗದವಾಯಿತು! ಟವಿಟಾ ತಲೆ ತಗ್ಗಿಸಿದ. ಅವನಿಗೂ ಎಲ್ಲ ಗೊತ್ತಿತ್ತು.

ಓಂಪ್ರಕಾಶ್ ಪೇಟ ತೊಡಿಸಿ, ಹಾರ ಹಾಕಿ, ವೈಶಾಲಿಯನ್ನು ಕರೆದರು. ಹದಿನಾಲ್ಕರ ನಮ್ರತಾ ಅಮ್ಮನ ಮುಖ ನೋಡಿದವಳೇ, "ಅಮ್ಮಾ, ಪ್ಲೀಸ್, ನಾಟ್ ಹಿಯರ್," ಎಂದು ಪಿಸುಗುಟ್ಟಿದಳು.

"ಇಲ್ಲೇ," ಎಂದಳು ವೈಶಾಲಿ.

ಜರಿಯಂಚಿನ ಕೆಂಪು ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಡೆದಳು. ವಿಟ್ಲಾಕ್ ನಗುತ್ತ ಹೆಗಲು ಬಗ್ಗಿಸಿದ. ಅವಳು ಅವನನ್ನು ದಾಟಿ ಹೋಗಿ ಕಲ್ಲುಕಂಬಕ್ಕೆ ಶಾಲು ಹೊದಿಸಿದಳು. ಫಲಕ ಪೂರ್ತಿ ಮುಚ್ಚಿತು. ಎರಡು ತುದಿಗಳನ್ನೂ ಹಿಂದಕ್ಕೆಳೆದು, ಕೂಸಿಗೆ ಕುಂಚಿಗೆ ಕಟ್ಟುವಂತೆ ಬಿಗಿಯಾಗಿ ಗಂಟು ಹಾಕಿದಳು. ಆಮೇಲೆ ತಿರುಗಿ, ಇಂಗ್ಲಿಷಿನಲ್ಲಿ, ಮೈಕಿನ ಹಂಗಿಲ್ಲದೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಇದರಲ್ಲಿ ಬರೆದಿರುವುದು ಸುಳ್ಳು. ನನ್ನ ಗಂಡ ಕೆಲಸ ಬಿಡಲಿಲ್ಲ. ಈ ಮನುಷ್ಯ ಬಿಡಿಸಿದ. ಬಿಡಿಸಿ, ನನ್ನ ಮತ್ತು ನನ್ನ ಮಗಳ ಹಿಂದೆ ಅಡಗಿಕೊಂಡ."

"ಮೇಡಂ, ಮೇಡಂ, ಆ ಶಾಲು ಅವರಿಗೆ..." ಓಂಪ್ರಕಾಶ್ ತೊದಲಿದರು. ಅವರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

ವಿಟ್ಲಾಕ್‌ನ ಮುಖ ಪೇಟದ ಕೆಳಗೆ ಕೆಂಪೇರಿತು. ಪಾಪ, ಆಕೆ ಆಘಾತದಲ್ಲಿದ್ದಾಳೆ ಎಂದು ಪಕ್ಕದವರಿಗೆ ಹೇಳುತ್ತ, ಗಂಟು ಬಿಚ್ಚಲು ಮುಂದೆ ಬಂದ. ವೈಶಾಲಿ ಅಡ್ಡ ಬಂದಳು. ಆತ ನಯವಾಗಿ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಆ ಕೈ ಮೈಗೆ ತಾಗಿದ್ದೇ, ಇಷ್ಟು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟೆಲ್ಲ ಗಂಡನ ಮಾತಾಗಿ ಅವಳ ಬಾಯಿಂದ ಸಿಡಿಯಿತು.

"ಬಿಡಬ್ಯಾಡ!"

ಯಾರಿಗೆ ಹೇಳಿದಳೋ ಅವಳಿಗೂ ಗೊತ್ತಿರಲಿಲ್ಲ. ಹೆಲ್ಮೆಟ್ಟುಗಳು ನೆಲಕ್ಕೆ ಬಿದ್ದ ಸದ್ದಾಯಿತು. ಟವಿಟಾ ಎರಡೇ ಹೆಜ್ಜೆಗೆ ವಿಟ್ಲಾಕ್ ಮತ್ತು ಕಂಬದ ನಡುವೆ ಬಂದು ಮೊಣಕಾಲು ಬಗ್ಗಿಸಿ ನಿಂತ. ಅವನ ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ಯಾರೂ ಯಾರನ್ನೂ ಮುಟ್ಟಲಿಲ್ಲ. ಕೋಚ್ ಕಲಿಸಿದಂತೆ ಅಡ್ಡ ನಿಂತರು, ಅಷ್ಟೆ. ವಿಟ್ಲಾಕ್ ಎಡಕ್ಕೆ ಹೋದರೆ ಸಾಲೂ ಎಡಕ್ಕೆ ಸರಿಯಿತು, ಬಲಕ್ಕೆ ಹೋದರೆ ಬಲಕ್ಕೆ. ಅವನ ತಲೆಯ ಮೇಲಿನ ಪೇಟ ವಾಲಿತು.

ಕುರ್ಚಿಯಲ್ಲಿ ಕುಳಿತಿದ್ದ ಶಿವರುದ್ರಪ್ಪ ಕೋಲೂರಿ ಎದ್ದರು. ಜಗಳಾಡಲು ಬಂದವರಲ್ಲ ಎಂದಿದ್ದ ಮುದುಕರು ನಿಧಾನವಾಗಿ ನಡೆದು ಬಂದು ಸಾಲಿನ ತುದಿಯಲ್ಲಿ ನಿಂತರು. ಪಕ್ಕದ ಹುಡುಗನ ಭುಜದ ಎತ್ತರಕ್ಕೂ ಅವರಿರಲಿಲ್ಲ.

ಮೈದಾನದೊಳಗೆ ಬ್ಯಾಂಡಿನ ಸದ್ದು ನಿಂತಿತು. ರೆಫರಿ ಸೀಟಿ ಊದಿದ. ಎದುರು ತಂಡ ಆಗಲೇ ಸಾಲಾಗಿ ನಿಂತಿತ್ತು. ಇತ್ತ ಮುಂದಿನ ಸಾಲಿನ ಐವರೂ ಗೇಟಿನ ಹೊರಗೆ. ಅವರಿಲ್ಲದೆ ಆಟವಿಲ್ಲ. ದೇಣಿಗೆಯ ಮಂದಿ ಗ್ಯಾಲರಿಯಿಂದ ಬಗ್ಗಿ ನೋಡತೊಡಗಿದರು.

ಹುಡುಗರನ್ನು ಬಿಡಲು ಹೇಳಿ ಎಂದು ವಿಟ್ಲಾಕ್ ವೈಶಾಲಿಯನ್ನು ಕೇಳಿದ. ದನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ. ಎರಡನೇ ಸಲ ಸೀಟಿ ಕೇಳಿಸಿತು.

"ಏನು ಬರೆಯಬೇಕು ನಿಮ್ಮ ಪ್ರಕಾರ?" ಎಂದ ಆತ, ಕೊನೆಗೆ.

"ಊರಿಗೆ ಬೆಂಕಿ ಬಿದ್ದಾಗ ಹುಡುಗರನ್ನು ಮನೆಗೆ ಕಳಿಸಿದರು, ಅದಕ್ಕೆ ನಾವು ಅವರನ್ನು ತೆಗೆದುಹಾಕಿದೆವು, ಅಂತ," ಎಂದಳು ವೈಶಾಲಿ. "ಈಗ ಮೈಕ್ ತೆಗೆದುಕೊಂಡು ಹೇಳಿ. ಕಂಚಿನಲ್ಲಿ ಆಮೇಲೆ ಬರೆಸುವಿರಂತೆ."

ವಿಟ್ಲಾಕ್ ಗ್ಯಾಲರಿಯ ಕಡೆ ನೋಡಿದ. ನಮ್ರತಾ ಹೋಗಿ ಮೈಕ್ ತಂದು ಅವನ ಮುಂದೆ ಹಿಡಿದಳು.