ತೆರೆಯದ ಫೈಲ್

ರಾಣೆಬೆನ್ನೂರಿನ ತನ್ನ ಮನೆಯ ಮುಂಗೋಣೆಯಲ್ಲೇ ಶಬನಮ್ ಗೇಟು, ತಗಡಿನ ಶೆಡ್ಡು, ಸಣ್ಣಪುಟ್ಟ ಯಂತ್ರಗಳ ನಕ್ಷೆ ಬರೆದುಕೊಡುತ್ತಿದ್ದಳು. ಹುಡುಗಿಯಾಗಿದ್ದಾಗ ಹಾವೇರಿಯಲ್ಲಿ ಕಲಿತ ಸಾಫ್ಟ್‌ವೇರೇ ಇಂದಿಗೂ ಅವಳ ಕಂಪ್ಯೂಟರಿನಲ್ಲಿತ್ತು. ಗೆರೆ, ವೃತ್ತ, ಅಳತೆ ಇಷ್ಟಕ್ಕೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ "ಇನ್ನೂ ಅದನ್ನ ಇಟ್ಕೊಂಡೀರೇನ್ರಿ?" ಎಂದು ಯಾರಾದರೂ ನಕ್ಕರೆ ಅವಳಿಗೆ ಮೈ ಉರಿಯುತ್ತಿತ್ತು.

ಬ್ಯಾಡಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಕಲ್ಲೇಶ ಅವಳ ಹಳೆಯ ಗಿರಾಕಿ. ದೇವವ್ವ ಎಂಬಾಕೆಯ ಸಂಘದ ಹೆಂಗಸರು ಒಣಮೆಣಸಿನಕಾಯಿಯ ಬೀಜ ಬೇರ್ಪಡಿಸುವ ಕೆಲಸ ಮಾಡುತ್ತಿದ್ದರು. ಘಾಟು ಹೊರಗೆ ಬರದಂತೆ ಸುತ್ತಲೂ ತಗಡು ಮುಚ್ಚಿದ ಜರಡಿ ಯಂತ್ರವನ್ನು ಸುಗ್ಗಿಗೆ ಮೊದಲು ಕೊಡುತ್ತೇನೆಂದು ಕಲ್ಲೇಶ ಅವರಿಗೆ ಮಾತು ಕೊಟ್ಟಿದ್ದ. ಡಿಪ್ಲೊಮಾ ಮುಗಿಸಿದ್ದ ಅವನ ಮಗಳು ಮೇಘಾ ಯಂತ್ರವನ್ನು ಹೊಸ ಸಾಫ್ಟ್‌ವೇರಿನಲ್ಲಿ ರೂಪಿಸಿದಳು. ಒಂದೊಂದು ತಗಡನ್ನೂ ಕತ್ತರಿಸುವ ಅಂಗಡಿಗೆ ಬೇಕಾಗುವಂತೆ ಬಿಡಿಬಿಡಿಯಾಗಿ ಬರೆಯಲು ಶಬನಮ್‌ಗೆ ಫೈಲ್ ಕಳಿಸಿದಳು.

ಫೈಲ್ ತೆರೆಯಲಿಲ್ಲ.

ಶಬನಮ್ ಫೋನ್ ಕೈಗೆತ್ತಿಕೊಂಡಳು. ಮೊನ್ನೆ ಕಲಿತು ಬಂದ ಹುಡುಗಿಗೆ ನನ್ನದರಲ್ಲಿ ಇದು ತೆರೆಯುವುದಿಲ್ಲ ಎಂದು ಹೇಗೆ ಹೇಳುವುದು? ಫೋನ್ ಕೆಳಗಿಟ್ಟಳು. ಮೇಘಾಳ ಮೊದಲ ನಕ್ಷೆಯದೊಂದು ಫೋಟೊವನ್ನು ಕಲ್ಲೇಶ ಹಿಂದೆ ವಾಟ್ಸಾಪಿನಲ್ಲಿ ಕಳಿಸಿದ್ದ. ಅದನ್ನೇ ದೊಡ್ಡದು ಮಾಡಿ, ಅಳತೆಗಳನ್ನು ಓದಿ ಓದಿ ಎಲ್ಲ ತಗಡುಗಳನ್ನೂ ಬರೆದು ಮುಗಿಸಿದಳು.

ಫೋಟೊ ತೆಗೆದ ಮೇಲೆ ಮೇಘಾ ಜರಡಿ ತಿರುಗಿಸುವ ಶಾಫ್ಟಿನ ಜಾಗವನ್ನೂ ಅದಕ್ಕೆ ತಕ್ಕಂತೆ ತಗಡಿನ ತೂತುಗಳನ್ನೂ ಬದಲಿಸಿದ್ದಳು.

ಜೋಡಿಸುವ ದಿನ ಕಲ್ಲೇಶ ಕರೆಸಿದಾಗ ತಗಡುಗಳು ಅಂಗಳದಲ್ಲಿ ಬಿದ್ದಿದ್ದವು. ಒಂದು ತೂತೂ ಕೂಡುತ್ತಿರಲಿಲ್ಲ.

"ಹೊಸಾ ಫೈಲ್ ನೋಡಿ ಬರದೀರಿಲ್ಲೋ ಅಕ್ಕಾರ?" ಮೇಘಾ ಕೇಳಿದಳು.

"ಅದು... ನನ್ನ ಕಂಪ್ಯೂಟರ್‌ನ್ಯಾಗ ತೆರೀಲಿಲ್ಲ ಯವ್ವಾ."

ಹುಡುಗಿ ನಗಲಿಲ್ಲ. "ಒಂದ್ ಫೋನ್ ಮಾಡಿದ್ರ ಸಾಕಿತ್ತಲ್ರಿ. ಹಳೇದಕ್ಕ ಹೊಂದೂವಂಗ ಮಾಡಿ ಆಗಿಂದಾಗ ಕಳಸ್ತಿದ್ದೆ. ನಮ್ಮ ಕಾಲೇಜಿನ್ಯಾಗೂ ಹಂಗ ಮಾಡ್ತಿದ್ವಿ."

 ಕಲ್ಲೇಶ ಚಹಾ ತರಿಸಿದ. ಶಬನಮ್‌ಗೆ ಲೋಟ ಮುಟ್ಟಲೂ ಮನಸ್ಸಾಗಲಿಲ್ಲ. ಅವನು ಬೈದಿದ್ದರೂ ಚೆನ್ನಾಗಿತ್ತು.

ಮೇಘಾ ಕಳಿಸಿದ ಇನ್ನೊಂದು ಫೈಲ್ ಹಳೆಯ ಸಾಫ್ಟ್‌ವೇರಿನಲ್ಲಿ ತಕರಾರಿಲ್ಲದೆ ತೆರೆಯಿತು. ನಕ್ಷೆ ಬೇಗನೇ ಮುಗಿಯಿತು. ಆದರೆ ಅಷ್ಟರಲ್ಲಿ ಸುಗ್ಗಿ ಶುರುವಾಗಿ, ತಗಡು ಕತ್ತರಿಸುವ ಅಂಗಡಿಯಲ್ಲಿ ಬೇರೆಯವರ ಕೆಲಸ ಸಾಲುಗಟ್ಟಿತ್ತು. ಯಂತ್ರ ತಯಾರಾದದ್ದು ಮೆಣಸಿನಕಾಯಿ ಚೀಲಗಳೆಲ್ಲ ಖಾಲಿಯಾದ ಮೇಲೆ.

ಅದನ್ನು ಸಂಘದ ಶೆಡ್ಡಿಗೆ ಇಳಿಸುವ ದಿನ ಶಬನಮ್ ತಾನಾಗಿಯೇ ಬ್ಯಾಡಗಿಗೆ ಹೋದಳು. ದೇವವ್ವ ಗೋಡೆಗೆ ಒರಗಿ ಕುಳಿತಿದ್ದಳು. ಸುಗ್ಗಿಯುದ್ದಕ್ಕೂ ಘಾಟಿಗೆ ಅಡ್ಡವಾಗಿ ಮುಖಕ್ಕೆ ಸೀರೆಯ ಸೆರಗು ಕಟ್ಟಿಕೊಂಡೇ ದುಡಿದಿದ್ದಳಂತೆ. ಈಗ ನಾಲ್ಕು ಮಾತಾಡಿದರೆ ಉಸಿರು ಕಟ್ಟುತ್ತಿತ್ತು.

"ನಂದ ತಪ್ಪು ದೇವವ್ವಾ. ಗೊತ್ತಾಗಲಿಲ್ಲಂತ ಕೇಳಾಕ ನಾಚಿದ್ನಿ," ಎಂದಳು ಶಬನಮ್.

"ಇರ್ಲಿ ಬಿಡ ಯವ್ವಾ. ಬರೂ ವರ್ಷ ಈ ಹುಡುಗ್ಯಾರಿಗೆ ಆಗ್ತೈತಿ," ಎಂದಳು ದೇವವ್ವ. "ನಾ ಏನ್ ಇನ್ನ ಕೆಲಸಕ್ಕ ಬರಂಗಿಲ್ಲ."