ಮೂರನೆಯ ಸಲ ಓದಿದ ಹೆಸರು

ಚರ್ಚು ಬಿಟ್ಟು ಆರು ವರ್ಷವಾಗಿದ್ದರೂ ಜಸಿಂತಾಳ ಕೈ ಮಾತ್ರ ಅದನ್ನು ಬಿಟ್ಟಿರಲಿಲ್ಲ. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಬಾಳಸಂಗಾತಿ ರಾಧಾಮಣಿ ಮುದ್ದೆ ಬಡಿಸಿದರೆ, ತುತ್ತಿಗೆ ಮುಂಚೆ ಆ ಕೈ ತಾನಾಗಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಬರೆಯುತ್ತಿತ್ತು. ನರಕ ಗಿರಕ ಎಲ್ಲ ಸುಳ್ಳು ಎಂದು ಬಾಯಿ ವಾದಿಸುತ್ತಿತ್ತು, ಹೊಟ್ಟೆ ನಂಬುತ್ತಿತ್ತು.

ಆ ಹೆದರಿಕೆಯೇ ಅವಳನ್ನು ಕೆಡಿಸಿದ್ದು. ನಿನ್ನ ಪಾಪಕ್ಕೆ ನಾನೂ ನರಕಕ್ಕೆ ಹೋಗಬೇಕೇ ಎಂದು ತಾಯಿ ಆರೋಗ್ಯಮ್ಮ ಅತ್ತಾಗ, ಬಾಗಲೂರಿನ ಬಾಲರಾಜನನ್ನು ಮದುವೆಯಾಗಲು ಒಪ್ಪಿಬಿಟ್ಟಳು. ರಾಧಾಮಣಿ ಜಗಳವಾಡಲಿಲ್ಲ. ನಿನ್ನ ಬಟ್ಟೆ ನೀನೇ ತುಂಬಿಕೋ, ನನ್ನ ಕೈಯಲ್ಲಾಗದು ಎಂದಳಷ್ಟೆ. ಜಸಿಂತಾ ತುಂಬಿಕೊಂಡು ತಾಯಿಯ ಮನೆಗೆ ಹೋದಳು.

ಮದುವೆಗೆ ಮುಂಚೆ ಮೂರು ಭಾನುವಾರ ಫಾದರ್ ಗಂಡುಹೆಣ್ಣಿನ ಹೆಸರು ಓದಿ, ಯಾರಿಗಾದರೂ ಅಡ್ಡಿ ಗೊತ್ತಿದೆಯೇ ಎಂದು ಕೇಳುವುದು ಅವರಲ್ಲಿ ಕಟ್ಟಳೆ. ಯಾರೂ ತಿಳಿಸುವುದಿಲ್ಲ, ಜನ ಅದನ್ನು ಬಿರಿಯಾನಿಯ ಮುನ್ಸೂಚನೆಯೆಂದೇ ಕೇಳಿಸಿಕೊಳ್ಳುತ್ತಾರೆ. ಎರಡು ಭಾನುವಾರ ಜಸಿಂತಾಗೆ ಆ ಪ್ರಶ್ನೆ ಬಾಯೊಳಗಿನ ಬಿಸಿತುಪ್ಪವಾಗಿತ್ತು.

ಮೂರನೆಯ ಭಾನುವಾರ ಬಾಲರಾಜ್ ಹೊಸ ಅಂಗಿ ತೊಟ್ಟು, ನಾಚಿ ಕಿವಿ ಕೆಂಪಗೆ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಪಾಪದವನು. ಬದುಕಿಡೀ ಇವನಿಗೆ ಸುಳ್ಳು ಹೇಳಬೇಕಲ್ಲ ಎನಿಸಿ ಅವಳ ಮೈಯೆಲ್ಲ ಉರಿಯಿತು. ಪಾಪವೆಂದರೆ ಇದು, ರಾಧಾಮಣಿಯ ಜೊತೆಗಿನ ಬಾಳಲ್ಲ. ಫಾದರ್ ಓದಿ ಮುಗಿಸುವಷ್ಟರಲ್ಲಿ ಎದ್ದು ನಿಂತಿದ್ದಳು.

"ಅಡ್ಡಿ ಇದೆ ಫಾದರ್. ನಾನು ಆಗ್ಲೇ ಒಬ್ಬರ ಜೊತೆ ಬಾಳ್ತಿದೀನಿ. ಅವಳ ಹೆಸರು ರಾಧಾಮಣಿ. ಬಾಲರಾಜ್, ನಿಮ್ಮದೇನೂ ತಪ್ಪಿಲ್ಲ, ಕ್ಷಮಿಸಿ."

ಅವಳು ಓಡಿಹೋಗಲಿಲ್ಲ, ಪೂಜೆ ಮುಗಿಯುವವರೆಗೂ ಕೂತಳು. ಹುಟ್ಟಿದಾಗಿನಿಂದ ಹೆದರಿಸಿದ್ದರಲ್ಲ, ನೆಲವೇನೂ ಬಾಯಿಬಿಡಲಿಲ್ಲ.

ಹೊರಗೆ ಬೇವಿನ ಮರದಡಿ ಆರೋಗ್ಯಮ್ಮ, ಇನ್ನು ನನ್ನ ಹೊಸಿಲು ತುಳಿಯಬೇಡ ಎಂದಳು. ಜಸಿಂತಾ ಅತ್ತಳು. ಕಣ್ಣೊರೆಸಿಕೊಂಡ ಮೇಲೂ ಅಲ್ಲಿಂದ ಕದಲಲಿಲ್ಲ.

"ಮುಂದಿನ ಭಾನುವಾರ ಮನೆಗೆ ಬರ್ತೀನಿ ಕಣಮ್ಮ. ಬಾಗಿಲು ತೆಗೀದಿದ್ರೆ ಅದರ ಮುಂದಿನ ಭಾನುವಾರ, ಆಮೇಲೆ ಇನ್ನೊಂದ್ಸಲ. ಮೂರು ಸಲ ಕೇಳೋದು ನಮ್ಮ ಪದ್ಧತಿ ತಾನೆ?"

ತಾಯಿ ಮುಖ ತಿರುಗಿಸಿದಳು. ಜಸಿಂತಾ ಆರ್.ಟಿ. ನಗರದ ಬಸ್ಸು ಹತ್ತಿದಳು. ಅಲ್ಲಿಯ ಬಾಗಿಲನ್ನು ಮೊದಲು ತಟ್ಟಬೇಕಿತ್ತು.